ಕೊಕ್ಕಿನ ತೂಕ

ಆರೂವರೆಗೆ ಹಿತ್ತಲ ಚಿಲಕ ತೆಗೆದರೆ ಸಾಕು,
ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ
ಸಾಲು ಸೇರಿಬಿಡುತ್ತವೆ.
ಹಿತ್ತಲೆಂದರೆ ಏನು ಮಹಾ,
ಸಂಪಿನ ಮುಚ್ಚಳ, ಒಗೆಯುವ ಕಲ್ಲು,
ಗೋಣಿ ಹೊದ್ದ ಹಳೇ ಪೇಪರಿನ ಕಟ್ಟುಗಳು,
ಎರಡು ಗೋಡೆಗಳ ನಡುವೆ
ಬೆನ್ನು ಬಾಗಿಸಿ ಬೆಳೆದ ಕರಿಬೇವು.
ಗುಟ್ಟಹಳ್ಳಿಯಲ್ಲಿ ಇಷ್ಟಿದ್ದರೆ ಅದೇ ತೋಟ.

ಹಿಡಿ ಮುರಿದ ಬಾಣಲೆ, ಗುಜರಿಗೆ ಬಂದದ್ದು,
ಕರಗಿಸಲು ಕಳಿಸದೆ ಉಳಿಸಿಕೊಂಡದ್ದು,
ಅದರ ತುಂಬ ಕಡ್ಲೆಕಾಯಿ ಸುರಿಯುತ್ತೇನೆ.
ಹುರಿದದ್ದಲ್ಲ, ಉಪ್ಪು ಹಾಕಿದ್ದಲ್ಲ,
ಸಿಪ್ಪೆಗಂಟಿದ ಕೆಮ್ಮಣ್ಣೂ ಹಾಗೇ.

ಮೊದಲು ಅಳಿಲು, ಕರೆಯದೆ ಬರುವ ನೆಂಟ.
ಆಮೇಲೆ ಗೊರವಂಕಗಳು, ಜಗಳವಾಡುತ್ತಲೇ,
ತಿನ್ನಲು ಬಂದವೋ ಪಂಚಾಯ್ತಿಗೆ ಬಂದವೋ.
ಮಟಪಕ್ಷಿ ಒಂದೇ ಒಂದು, ಉದ್ದ ಬಾಲದ್ದು,
ಭಾನುವಾರ ಮಾತ್ರ.
ಅದಕ್ಕೆ ವಾರ ಹೇಗೆ ಗೊತ್ತು?
ಲಾರಿ ಸದ್ದಿಲ್ಲವಲ್ಲ, ಅದಕ್ಕೇ ಅಂತಾಳೆ ಮಗಳು.

ಕೊನೆಗೆ ಕಾಗೆ.
ಎಡಗಾಲಿಗೆ ಒಂದು ಬೆರಳಿಲ್ಲ,
ಗಾಳಿಪಟದ ಮಾಂಜಾ ಕೊಯ್ದಿರಬೇಕು.
ಅವಸರವಿಲ್ಲ ಅದಕ್ಕೆ.
ಒಂದು ಕಾಯಿ ಎತ್ತುತ್ತದೆ,
ಕತ್ತು ಓರೆ ಮಾಡಿ ಒಮ್ಮೆ ಅಲ್ಲಾಡಿಸುತ್ತದೆ,
ಕೆಳಗಿಡುತ್ತದೆ.
ಇನ್ನೊಂದು ಎತ್ತುತ್ತದೆ. ಕೆಳಗಿಡುತ್ತದೆ.
ಮತ್ತೆ ಮೊದಲಿನದು.

ಇಪ್ಪತ್ತಾರು ವರ್ಷ ತಕ್ಕಡಿ ಹಿಡಿದ ಕೈ ನನ್ನದು,
ಕಂಡ ಕೂಡಲೇ ಗೊತ್ತಾಯಿತು: ಇದು ತೂಗುತ್ತಿದೆ.
ಬಟ್ಟಿಲ್ಲ, ಸೀಲಿಲ್ಲ,
ವರ್ಷಕ್ಕೊಮ್ಮೆ ಮುದ್ರೆ ಒತ್ತಿ
ಕಾಫಿಗೆ ಕೈ ಚಾಚುವ ಇನ್ಸ್‌ಪೆಕ್ಟರಿಲ್ಲ.

ಅದು ಬಿಟ್ಟುಹೋದ ಕಾಯಿ ಒಡೆದು ನೋಡಿದೆ.
ಜೊಳ್ಳು.
ಮರುದಿನವೂ ಒಡೆದೆ. ಜೊಳ್ಳು.
ಮೂರನೆಯ ದಿನ ಒಂದು ಸುಕ್ಕು ಬೀಜವಿತ್ತು,
ನಾನೇ ತಿಂದೆ. ಕಹಿ.

ಕಾಗೆಯೆಂದರೆ ಹಿರಿಯರು, ಅಂದರು ಯಾರೋ.
ಇರಬಹುದು. ಆದರೆ ನಮ್ಮ ಪಿಳ್ಳಪ್ಪ ಮಾವ ಅಲ್ಲ,
ಇಷ್ಟು ನೆಟ್ಟಗೆ ತೂಗಿದವನೇ ಅಲ್ಲ ಅವನು.
"ಗಿರಾಕಿ ಮುಖ ನೋಡ್ತಿರಬೇಕು ಕಣಮ್ಮ,
ತಟ್ಟೇನ ಹೆಬ್ಬೆರಳು ನೋಡ್ಕೊಳ್ತದೆ" ಅನ್ನುತ್ತಿದ್ದ.
ಬಟ್ಟಿನ ತಟ್ಟೆಯಡಿಗೆ ಒಂದು ಅಯಸ್ಕಾಂತ,
ಯಾರದೋ ಸ್ಪೀಕರಿನಿಂದ ಕಿತ್ತದ್ದು.
ಅವನು ಹೋದ ಮೇಲೆ ತೆಗೆದೆ.
ಕೂಡಲೇ ಅಲ್ಲ.
ಮಗಳ ಫೀಸು ಕಟ್ಟಿದ ಮೇಲೆ.

ಮುನಿವೆಂಕಟಪ್ಪನ ಗಾಡಿಯ ಪಾವು
ತಳದಲ್ಲಿ ಒಳಕ್ಕೆ ತಗ್ಗಿದೆ.
ನನಗೆ ಗೊತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತು.
"ಪರಿಷೆ ಮುಗೀತಲ್ಲಕ್ಕ, ರೇಟು ಇಳಿಸಿದೀನಿ"
ಎಂದು ಮೇಲೊಂದು ಹಿಡಿ ಕೊಸರು ಹಾಕುತ್ತಾನೆ.
"ಕಾಗೇಗಾ?"
"ಹೂಂ. ಜೊಳ್ಳು ಕೊಟ್ರೆ ವಾಪಸ್ ತರುತ್ತೆ, ನೋಡ್ಕೊ."

ಮಹಡಿಯ ನಸೀಮಾ ಮೊನ್ನೆ ಇಳಿದು ಬಂದಳು:
ಒಣಗಿದ ಬಟ್ಟೆಯ ಮೇಲೆ ಸಿಪ್ಪೆ,
ಕಿಟಕಿ ಕಟ್ಟೆಯಲ್ಲಿ ಸಿಪ್ಪೆ,
ಗುಲಾಬಿ ಕುಂಡದ ಮಣ್ಣೆಲ್ಲ ಕೆದಕಿ ಹಾಕಿದೆ.
ತಪ್ಪಾಯಿತು ಎಂದೆ.
ಪೊರಕೆ ಹಿಡಿದು ಹಿಂದೆಯೇ ಮೆಟ್ಟಿಲು ಹತ್ತಿದೆ.

ಕುಂಡದಲ್ಲಿ, ಗುಲಾಬಿಯ ಬುಡಕ್ಕೆ ಒತ್ತಿಕೊಂಡು,
ನಾಲ್ಕು ನಾಲ್ಕೇ ಎಲೆ ಜೋಡಿಸಿದ ಗಿಡ.
ಚಿಟಿಕೆಯಷ್ಟು ಹಳದಿ ಹೂ.
ಕಾಗೆ ಹೂತಿಟ್ಟು ಮರೆತದ್ದೋ,
ಬೇಕೆಂದೇ ಬಿಟ್ಟದ್ದೋ.

ಕೀಳಲು ಕೈ ಚಾಚಿದ ನಸೀಮಾ ತಡೆದಳು.
"ಹೂ ಬಿಟ್ಟಿದೆಯಲ್ಲ."
"ಇದರ ಹೂ ಬಾಡಿದ ಮೇಲೆ ಮಣ್ಣಿಗೇ ಇಳಿಯುತ್ತೆ,
ಕಾಯಾಗೋದು ಒಳಗೆ."
"ಎಷ್ಟು ದಿನ?"
"ಎರಡು ತಿಂಗಳು, ಹೆಚ್ಚೂ ಕಮ್ಮಿ."
ಅವಳು ಮಾತಾಡದೆ ಕುಂಡವನ್ನು
ಒಂದು ಗೇಣು ಬಿಸಿಲ ಕಡೆ ಸರಿಸಿದಳು.

ಟ್ಯಾಂಕಿನ ಮೇಲಿತ್ತು ಅದು,
ಕೊಯ್ದ ಬೆರಳಿನದು.
ಕತ್ತು ಓರೆ ಮಾಡಿ ನಸೀಮಾಳನ್ನು ನೋಡಿತು,
ಆಮೇಲೆ ನನ್ನನ್ನು,
ಮತ್ತೆ ಮೊದಲಿನವಳನ್ನು.